ಬಿಳಿ ರೆಕ್ಕೆಯ ಪಾತರಗಿತ್ತಿ

ಅಫಜಲಪುರದಲ್ಲಿರುವ ನನ್ನ ನಾದಿನಿ ಒಂದು ಪಾತರಗಿತ್ತಿಯ ಫೋಟೋ ಕಳಿಸಿದಾಗ ನಾನು ನಂಬಲಿಲ್ಲ. ಎಕ್ಕೆ ಗಿಡಗಳ ಸುತ್ತ ದಿನವೂ ಹಾರಾಡುವ ಕಿತ್ತಳೆ ಬಣ್ಣದ ಜಾತಿಯದೇ ಅದು. ಆದರೆ ಹಿಂದಿನ ಎರಡೂ ರೆಕ್ಕೆ ಹಾಲಿನಷ್ಟು ಬಿಳಿ. ತನ್ನ ತಮ್ಮನ ಮದುವೆಯ ಫೋಟೋಗಳಲ್ಲಿ ನಮ್ಮೆಲ್ಲರನ್ನೂ ಮೊಬೈಲಿನಲ್ಲೇ ಬೆಳ್ಳಗೆ ಮಾಡಿ ಹಂಚಿದ್ದವಳು ಅವಳು.

“ಖರೆ ಹೇಳು ಬೇ, ಏನ್ ಮಾಡಿದಿ ಇದಕ್ಕ?” ಎಂದು ಫೋನಿನಲ್ಲಿ ಕೇಳಿದೆ.

“ಏನೂ ಮಾಡಿಲ್ಲ ವೈನಿ. ನಂಬಿಕಿ ಇಲ್ಲಂದ್ರ ಬಂದು ನೋಡ್ರಿ.”

ಭಾನುವಾರ ಆಳಂದದಿಂದ ಹೋದೆ. ನಾದಿನಿ ಕರೆದೊಯ್ದ ಹವಳಗಾ ದಾರಿಯ ಕಬ್ಬಿನ ಹೊಲದ ಬದುವಿನಲ್ಲಿ ಅದು ಕಂಡಿತು, ಫೋಟೋದಲ್ಲಿದ್ದಂತೆಯೇ. ಈಗ ಹೊಲದ ಮೇಲೆ ಅನುಮಾನ ಬಂತು. ನಾನು ಹಲ್ಲಿನ ಡಾಕ್ಟರು. ಬಣ್ಣ ಬದಲಾಯಿತೆಂದರೆ ನೀರೋ ಗುಟ್ಕಾವೋ ಏನೋ ಸೇರಿದೆ ಎಂದೇ ನೋಡಿ ರೂಢಿ. ಇಲ್ಲಿ ಯಾವ ಔಷಧ ಹೊಡೆದಿದ್ದಾರೋ?

ಅಷ್ಟರಲ್ಲಿ ಹೊಲದ ಯಜಮಾನರು ಬಂದರು. ನನ್ನ ಕ್ಯಾಮೆರಾ ನೋಡಿ ಮುಖ ಬಿಗಿದುಕೊಂಡರು.

“ಯಾವ ಸರ್ವೇರಿ ಇದು? ನಮ್ಮ ಹೊಲದಾಗ ರಸ್ತಾ ಹಾಯಿಸಾಕತ್ತೀರೇನು?”

“ಇಲ್ರಿ, ಆಳಂದದಿಂದ ಪಾತರಗಿತ್ತಿ ನೋಡಾಕ ಬಂದೇವಿ.”

“ಆಳಂದದಿಂದ? ಪಾತರಗಿತ್ತಿ ನೋಡಾಕ?”

“ಈ ಎಕ್ಕಿಗೆ ಔಷಧ ಹೊಡದೀರೇನ್ರಿ?”

“ಎಕ್ಕಿಗೆ ಯಾರ್ ಹೊಡೀತಾರ್ರಿ? ಕಂಪ್ಲೇಂಟ್ ಕೊಡಾಕ ಬಂದೀರಿ ಅನ್ರಿ ಮತ್ತ.” ನಮ್ಮ ಕಾರಿನ ನಂಬರಿನ ಫೋಟೋ ತೆಗೆದುಕೊಂಡರು.

ಆ ಬಿಳಿ ರೆಕ್ಕೆಯದು ಎಕ್ಕೆ ಎಲೆಗಳ ಅಡಿಯಲ್ಲಿ ಮೊಟ್ಟೆ ಇಟ್ಟು ಹೋಯಿತು. ಮೊಟ್ಟೆಗಳಿದ್ದ ಎರಡು ಎಲೆ ಕೇಳಿದೆ. ಕಿತ್ತುಕೊಳ್ಳುವತನಕ ಅವರು ಕದಲಲಿಲ್ಲ.

ಮನೆಯಲ್ಲಿ ಅಗಲ ಬಾಯಿಯ ಗಾಜಿನ ಬರಣಿಯಲ್ಲಿಟ್ಟೆ. ಹುಳುಗಳು ಹೊರಬಂದ ಮೇಲೆ ನಮ್ಮ ಹಿತ್ತಲಿನ ಎಕ್ಕೆ ಎಲೆಯನ್ನಷ್ಟೇ, ಅದನ್ನೂ ತೊಳೆದು, ಹಾಕಿದೆ. ಕೆಲ ದಿನಗಳಲ್ಲಿ ಅವು ಕೋಶ ಕಟ್ಟಿದವು. ಮೊದಲು ಕೋಶ ಒಡೆದು ಬಂದ ಪಾತರಗಿತ್ತಿ ಪೂರ್ತಿ ಕಿತ್ತಳೆ. ಹೊಲದ ಔಷಧವೇ ಕಾರಣ ಎಂದು ಗೆದ್ದವಳಂತೆ ನಾದಿನಿಗೆ ಹೇಳಿದೆ. ಮರುದಿನ ಎರಡನೆಯದು ಬಂತು. ಮುದುಡಿದ್ದ ರೆಕ್ಕೆ ನಿಧಾನವಾಗಿ ಬಿಚ್ಚಿತು, ಹಿಂದಿನವೆರಡೂ ಬಿಳಿ. ಹುಟ್ಟಿನಿಂದಲೇ ಹಾಗೆ. ಅದು ಹಾರಿಹೋದ ಮೇಲೂ ಖಾಲಿ ಬರಣಿಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದೆ.

ಮುಂದಿನ ವಾರ ಆ ಯಜಮಾನರಿಗೆ ಫೋಟೋ ತೋರಿಸಿದೆ. ಹಿಗ್ಗಿಸಿ, ಕುಗ್ಗಿಸಿ ನೋಡಿದರು.

“ಬದುವಿನ ಎಕ್ಕಿ ಕಡಸಬೇಕಂತ ಮಾಡಿದ್ದೆ. ಇರಲಿ ಬಿಡ್ರಿ,” ಎಂದರು. ಆಮೇಲೆ ರಸ್ತೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಆದ್ರ ಯಾರ ಮುಂದೂ ಹೇಳಬ್ಯಾಡ್ರಿ. ನಾಳೆ ಮಂದಿ ಬಂದು ಕಬ್ಬು ತುಳಿದು ಹೋಗ್ತಾರ.”