ಹಿಟ್ಟಿನ ಬೆರಳು

ಇದನ್ನು ಹೇಳುವುದನ್ನು ನಾಳೆ ನಾಳೆ ಎಂದು ಬಹಳ ದಿನ ಮುಂದೂಡಿದ್ದೇನೆ.

ಸದಾಶಿವನಗರದ ನಮ್ಮ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಒಬ್ಬರು ಎಲ್ಲರಿಗೂ ಅಕ್ಕ. ಮಾತಾಡುವಾಗಲೂ ಸೆರಗಿನಲ್ಲಿ ಕೈ ಒರೆಸಿಕೊಳ್ಳುವರು. ಹಿಟ್ಟು ಮಾತ್ರ ಹೋಗದು. ಆಗ ನಾನು ಬೀದಿಯವರ ಮೊಬೈಲಿಗೆಲ್ಲ ಒಂದು ಕ್ರಿಪ್ಟೋ ಕಾಯಿನ್ ಆ್ಯಪ್ ಹಾಕಿಸಿದ್ದೆ. ದಿನಕ್ಕೊಮ್ಮೆ ಗುಂಡಿ ಒತ್ತಿದರೆ ಕಾಯಿನ್ ಬೆಳೆಯುತ್ತದಂತೆ. ಬೆಳಿಗ್ಗೆ ವಾಕಿಂಗ್ ಹೋಗುವವರು ರಾಗಿ ಡಬ್ಬದ ಜೊತೆ ಮೊಬೈಲನ್ನೂ ಗಿರಣಿಯಲ್ಲಿ ಬಿಡುತ್ತಿದ್ದರು. "ಒತ್ತಿದ್ರಾಯ್ತು ಬುಡಿ," ಎಂದು ಅಕ್ಕನೇ ಎಲ್ಲರದನ್ನೂ ಒತ್ತುತ್ತಿದ್ದರು.

ಒಂದು ದಿನ ಚೇಳೂರಿನಿಂದ ನನ್ನ ಭಾಮೈದ ಕೊಬ್ಬರಿ ಮಾರಿದ ದುಡ್ಡು ತಂದ, ಅಷ್ಟನ್ನೂ ಆ ಕಾಯಿನ್‌ಗೆ ಹಾಕಲು. ಗಿರಣಿಯ ಮುಂದೆ ಆ್ಯಪ್ ತೋರಿಸಿದೆ.

"ನೋಡ್ಲಾ, ನಮ್ ಬೀದೀಲೇ ದಿನಾ ಎಷ್ಟ್ ಜನ ಒತ್ತುತಾವ್ರೆ!"

ಅಕ್ಕ ನಕ್ಕರು. "ಜನ ಎಲ್ಲಣ್ಣ? ಎಲ್ಲಾ ನನ್ ಒಂದೇ ಬೆರಳು."

ಹಲಗೆಯ ಮೇಲಿದ್ದ ಮೊಬೈಲುಗಳಲ್ಲೆಲ್ಲ ಒಂದೇ ಜಾಗದಲ್ಲಿ ಹಿಟ್ಟಿನ ಗುರುತು.

"ನಿಂಗ್ಯಾಕಮ್ಮ? ಹಿಟ್ಟು ಬೀಸೋದ್ ನೋಡ್ಕೋ," ಎಂದು ಎಲ್ಲರೆದುರು ಗದರಿದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು ಗಿರಣಿಯತ್ತ ತಿರುಗಿದರು.

"ಬರ್ತೀನಿ ಬಾವ, ಬಸ್ಸೈತೆ," ಎಂದು ಭಾಮೈದ ದುಡ್ಡಿನ ಸಮೇತ ಹೊರಟುಬಿಟ್ಟ.

ಕೆಲವು ತಿಂಗಳಲ್ಲೇ ಆ್ಯಪ್ ತೆರೆಯದಾಯಿತು. ಕೊಬ್ಬರಿ ದುಡ್ಡು ಉಳಿದಿತ್ತು. ನಾನೇ ತಡೆದೆ ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡೆ.

ಮೊನ್ನೆ ಅವಳಿಗೆ ನಿಜ ಹೇಳಿದೆ. "ಗೊತ್ತಿತ್ತು ಬುಡಿ, ನನ್ ತಮ್ಮ ಅವತ್ತೇ ಹೇಳ್ದ," ಎಂದು ನಕ್ಕಳು. ನನಗೂ ನಗು ಬಂತು. ಎದೆಯ ಭಾರ ಇಳಿಯಿತು. ಇನ್ನು ನಾನು ಕ್ಷಮೆ ಕೇಳದೆ ಉಳಿದಿರುವುದು, ಗಿರಣಿ ಮುಚ್ಚಿ ಕುಣಿಗಲ್ಲಿನ ಮಗಳ ಮನೆ ಸೇರಿರುವ ಆ ಅಕ್ಕನನ್ನು.