ಕಾಂದಾಳ ಕಾರ್ಡು ಹಿಡಿದು ಹೋದ ಬುಪ್ಪಾ

ಬುಪ್ಪಾ ಸ್ವಾರ್ಥಿ; ಜೊತೆಗೆ ಪುಕ್ಕಲು. ಕೊರಿಯಾದ ಮಿರ್ಯಾಂಗಿಗೆ ಮೂರು ತಿಂಗಳ ಪ್ರವಾಸಕ್ಕೆಂದು ಬಂದವಳು ಒಂಬತ್ತು ವರ್ಷವಾದರೂ ಪ್ರವಾಸ ಮುಗಿಸಿರಲಿಲ್ಲ. ಪಾಲಿಹೌಸಿನಲ್ಲಿ ಸೊಪ್ಪು ಕೊಯ್ಯುವ ಥಾಯ್ ಹೆಂಗಸರಲ್ಲಿ ವಲಸೆ ಇಲಾಖೆಯ ಗಾಡಿಯ ಸದ್ದು ಮೊದಲು ಕೇಳುತ್ತಿದ್ದುದು ಅವಳಿಗೇ. ಕೇಳಿದರೂ ಯಾರಿಗೂ ಹೇಳುತ್ತಿರಲಿಲ್ಲ. ಉಸಿರು ಓಡುವುದಕ್ಕೆ ಬೇಕಿತ್ತು. ಒಮ್ಮೆ ಪಕ್ಕದವಳ ಬೂಟನ್ನೇ ಮೆಟ್ಟಿಕೊಂಡು ಓಡಿದಳು. ಪಕ್ಕದವಳು ಬರಿಗಾಲಲ್ಲಿ ಸಿಕ್ಕಿಬಿದ್ದು ಊರು ಸೇರಿದಳು.

ಕೊರೋನಾ ಬಂದ ವಸಂತದಲ್ಲಿ ಯಜಮಾನ, ಮಾಸ್ಕ್ ಇಲ್ಲದವರು ಮಂಗಳವಾರದಿಂದ ಗಂಟುಮೂಟೆ ಕಟ್ಟಿ ಎಂದ. ಮಾಸ್ಕಾದರೋ, ಔಷಧಿ ಅಂಗಡಿಯಲ್ಲಿ ಸರ್ಕಾರದ ಗುರುತಿನ ಕಾರ್ಡು ತೋರಿಸಿದವರಿಗೆ ಮಾತ್ರ, ವಾರಕ್ಕೆ ಎರಡು. ಅದೂ ಹುಟ್ಟಿದ ವರ್ಷದ ಕೊನೆಯ ಅಂಕಿಗೆ ಗೊತ್ತುಮಾಡಿದ ದಿನ. ಅವರಿದ್ದ ಕೋಣೆಯಲ್ಲಿ ಪರವಾನಗಿ ಪಡೆದು ಬಂದು ಕಾರ್ಡಿದ್ದವಳು ಕಾಂದಾ ಒಬ್ಬಳೇ. ಅವಳ ಕಾಲು ಉಳುಕಿತ್ತು.

"ಕೊಡೇ ತಂಗಿ, ನಾನೇ ತರ್ತೀನಿ. ಸ್ಕಾರ್ಫ್ ಸುತ್ಕೊಂಡ್ರೆ ಇಬ್ರೂ ಒಂದೇ ಥರ" ಎಂದಳು ಬುಪ್ಪಾ.

"ನಾನು ನಿನ್ನಷ್ಟು ಮುದುಕಿ ಏನಕ್ಕಾ?" ಎಂದಳು ಕಾಂದಾ. "ನಂದು ಇಪ್ಪತ್ತಾರನೇ ಇಸವಿ. ಆರಕ್ಕೆ ಸೋಮವಾರ. ಒಂದು ನಿಂಗೆ, ಒಂದು ನಂಗೆ. ನಾನೇ ಕಾರ್ಡ್ ಕೊಟ್ಟೆ ಅಂತ ಗೊತ್ತಾದ್ರೆ ನನ್ನನ್ನೂ ವಿಮಾನ ಹತ್ತಿಸ್ತಾರೆ, ನೆನಪಿರ್ಲಿ."

ಒಂದೇ ಕೊಟ್ಟರು ಎಂದು ಹೇಳಿ ಎರಡನ್ನೂ ಇಟ್ಟುಕೊಳ್ಳುವುದೆಂದು ಬುಪ್ಪಾ ಬಸ್ಸಿನಲ್ಲೇ ತೀರ್ಮಾನಿಸಿದಳು.

ಅಂಗಡಿಯ ಮುದುಕ ಕಾರ್ಡು ತಿರುವಿ ನೋಡಿದ. "ಇವತ್ತು ನಿಮ್ಮ ದಿನ ಅಲ್ವಲ್ಲಮ್ಮ. ಹುಟ್ಟಿದ್ದು ಯಾವ ವರ್ಷ?"

"ಎರಡು ಸಾವಿರದ ಐನೂರ ಇಪ್ಪತ್ತಾರು" ಎಂದಳು ಬುಪ್ಪಾ, ಬುದ್ಧನಿಂದ ಎಣಿಸುವ ತನ್ನೂರಿನ ಲೆಕ್ಕದಲ್ಲಿ.

"ಹಂಗಾದ್ರೆ ನೀವಿನ್ನೂ ಹುಟ್ಟೇ ಇಲ್ಲ. ಐನೂರು ವರ್ಷ ಬಿಟ್ಟು ಬನ್ನಿ."

ಸಾಲಿನಲ್ಲಿದ್ದವರು ನಕ್ಕರು. ಮುದುಕ ನಗಲಿಲ್ಲ. "ಇಲ್ಲಿ ಎಂಬತ್ತಮೂರು ಅಂತಿದೆ. ಮೂರಕ್ಕೆ ಬುಧವಾರ. ಸ್ವಲ್ಪ ಸ್ಕಾರ್ಫ್ ಇಳಿಸಿ ನೋಡೋಣ."

ಇಳಿಸಿದಳು. ಐವತ್ತರ ಹತ್ತಿರದ ಮುಖ ಕಾರ್ಡಿನ ಫೋಟೋಕ್ಕೆ ಎಲ್ಲಿಂದ ಒಪ್ಪಬೇಕು? ಮುದುಕ ಕಾರ್ಡು ಹಿಡಿದುಕೊಂಡೇ ಫೋನಿಗೆ ಕೈ ಹಾಕಿದ. "ಈ ಕಾಂದಾ ಅನ್ನೋರೇ ಕೊಟ್ರಾ ನಿಮಗೆ?"

ಬಾಗಿಲು ತೆರೆದೇ ಇತ್ತು. ಬುಪ್ಪಾಳ ಕಾಲು ಯಾರ ಅಪ್ಪಣೆಗೂ ಕಾಯದೆ ಹೊಸ್ತಿಲು ದಾಟಿಯಾಗಿತ್ತು. ಎದುರಿಗೆ ಬಸ್ಸೂ ನಿಂತಿತ್ತು, ಅರ್ಧ ಖಾಲಿ.

ಅವಳು ವಾಪಸು ಬಂದಳು.

"ಇಲ್ಲ. ಅವಳಿಗೆ ಗೊತ್ತೇ ಇಲ್ಲ. ನಾನು ಕದ್ದಿದ್ದು" ಎಂದು ಹೇಳಿ, ಗೋಡೆಬದಿಯ ಕುರ್ಚಿ ಎಳೆದುಕೊಂಡು ಕೂತಳು.