ಮಳೆಗೆ ರಜೆ ಕೊಡದ ಶಾಲೆ

ಭವ್ಯಾ ನಮ್ಮ ಮಹಡಿ ಮನೆಗೆ ಬಾಡಿಗೆಗೆ ಬಂದದ್ದು ಜೂನ್ ಕೊನೆಗೆ. ಗಂಡ ಅರುಣ್ ಬಾಳೂರಿನ ಎಸ್ಟೇಟಿನಲ್ಲಿ ಜೀಪು ಓಡಿಸುತ್ತಿದ್ದವನು. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಲಾರಿ ಓಡಿಸುವ ಕೆಲಸ ಸಿಕ್ಕಿತೆಂದು ಸಂಸಾರ ಕಟ್ಟಿಕೊಂಡು ಬಂದಿದ್ದ. ಪಾತ್ರೆ ಮೂಟೆ ಬಿಚ್ಚುವ ಮೊದಲೇ ಈಕೆ ಮಗಳು ಧನ್ಯಶ್ರೀಯ ಟಿಸಿ ಹಿಡಿದು ಶಾಲೆ ಹುಡುಕಲು ಹೊರಟಳು. ಊರು ಗೊತ್ತಿಲ್ಲದವಳು, ಪಾಪ ಎಂದು ನಾನೂ ಜೊತೆಗೆ ಹೋದೆ. ಹೋಗಬಾರದಿತ್ತು.

ಬೇರೆಯವರಾದರೆ ಇಂಗ್ಲಿಷ್ ಮೀಡಿಯಮ್ಮೋ, ವ್ಯಾನ್ ಬರುತ್ತದೋ ಎಂದು ಕೇಳುತ್ತಾರೆ. ಈಕೆ ಹೋದಲ್ಲೆಲ್ಲ ಕೇಳುತ್ತಿದ್ದದ್ದು ಒಂದೇ: “ಮೇಡಂ, ಮಳೆಗೆ ರಜೆ ಕೊಡ್ತೀರಾ?”

ಮೊದಲ ಶಾಲೆಯವರು ನಕ್ಕರು. ಮತ್ತೊಂದು ಕಡೆ, ಸರ್ಕಾರ ಹೇಳಿದಷ್ಟು ಎಂದರು; ಅದು ಇವಳಿಗೆ ಹಿಡಿಸಲಿಲ್ಲ. ಇನ್ನೊಂದು ಶಾಲೆ ನನಗೇ ಇಷ್ಟವಾಗಿತ್ತು. ಅಂಗಳ ದೊಡ್ಡದು, ಮಕ್ಕಳು ಗಲಾಟೆ ಮಾಡಿಕೊಂಡು ಖುಷಿಯಾಗಿದ್ದರು. ಗೇಟಿನ ಮುಂದೆ ನೀರು ನಿಂತಿದೆ ಎಂದು ಈಕೆ ಒಳಗೆ ಕಾಲಿಡಲೇ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

“ಎಂತ ಹುಚ್ಚು ಮಾರಾಯ್ತಿ ನಿಂದು?” ಎಂದೆ.

ಆಗ ಹೇಳಿದಳು. ಅವಳು ಚಿಕ್ಕವಳಿದ್ದಾಗ ಬಾಳೂರಿನಲ್ಲಿ ಹಳ್ಳ ಏರಿದರೆ ಶಾಲೆಗೆ ಹೋಗುವ ಜೀಪು ಬರುತ್ತಿರಲಿಲ್ಲವಂತೆ. ಏರದ ದಿನವೂ ಅವಳ ಅಮ್ಮ ಅಂಜನಮ್ಮ, ಮಳೆ ಸದ್ದು ಜೋರಾದರೆ ಸಾಕು, ಇವಳ ಮೇಲೆ ಕಂಬಳಿ ಎಳೆದು ಮಲಗಿಸಿಬಿಡುತ್ತಿದ್ದರಂತೆ.

“ಹಂಗೇ ಮಲಗಿ ಮಲಗಿ ಹತ್ತನೇ ಕ್ಲಾಸಲ್ಲಿ ಗಣಿತ ಹೋಯ್ತು ಅಕ್ಕ. ನನ್ನ ಓದು ಕೆಡಿಸಿದ್ದು ಮಳೆ ಅಲ್ಲ, ನಮ್ಮಮ್ಮ. ಧನ್ಯಾಗೆ ಹಂಗಾಗಬಾರ್ದು.”

ಆಮೇಲೆ ನಾನು ಬಾಯಿ ಮುಚ್ಚಿಕೊಂಡು ಹಿಂದೆ ಹೋದೆ. ಕೊನೆಗೆ ಕೋಟೆ ಕಡೆಯ ಶಾಲೆಯೊಂದರ ಹೆಡ್‌ಮಿಸ್ಟ್ರೆಸ್, “ಮಳೆ ಅಂತ ಇಲ್ಲಿ ಪಾಠ ನಿಲ್ಲಲ್ಲಮ್ಮ. ರಜೆ ಬಂದ್ರೂ ಶನಿವಾರ ತುಂಬಿಸ್ತೀವಿ” ಎಂದರು. ಭವ್ಯಾಳ ಮುಖ ಅರಳಿತು. ಆರನೇ ತರಗತಿಗೆ ಉಳಿದಿದ್ದು ಒಂದೇ ಸೀಟು. ಗುರುವಾರ ಬೆಳಿಗ್ಗೆ ಪರೀಕ್ಷೆ, ಬರದಿದ್ದರೆ ಬೇರೆಯವರಿಗೆ ಎಂದರು. ಬುಧವಾರವಿಡೀ ಈಕೆ ಮೆಟ್ಟಿಲು ಹತ್ತಿ ಇಳಿದು ನನ್ನ ತಲೆ ತಿಂದಳು. ಪೆನ್ನು ಎರಡು ಸಾಕಾ, ಸ್ಕೇಲು ಬೇಕಾಗುತ್ತದಾ?

ಗುರುವಾರ ಮಳೆ ಹಿಡಿಯಿತು. ಹೊರಡುವ ಹೊತ್ತಾದರೂ ಮಹಡಿಯಿಂದ ಸದ್ದಿಲ್ಲ. ಹತ್ತಿ ನೋಡಿದರೆ ಮಗು ಕಂಬಳಿಯೊಳಗೆ, ಭವ್ಯಾ ಪಕ್ಕದಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಳೆ.

“ಇವತ್ತು ಶಾಲೆಗೆಲ್ಲ ರಜೆ ಅಂತೆ ಅಕ್ಕ. ಎಸ್ಟೇಟ್ ಗ್ರೂಪಲ್ಲಿ ಮೆಸೇಜ್ ಬಂದಿದೆ. ಇವರು ಲಾರಿಗೆ ಹೋಗ್ತಾ ಹೇಳಿದ್ರು.”

“ಅದು ನಿಮ್ಮ ಬಾಳೂರಿನ ಕಡೆ, ಮೂಡಿಗೆರೆ ತಾಲ್ಲೂಕಿಗೆ ಮಾರಾಯ್ತಿ. ನೀನಿರೋದು ಚಿಕ್ಕಮಗಳೂರಲ್ಲಿ.”

ಅವಳ ಬಣ್ಣ ಇಳಿದುಹೋಯಿತು. ಆಟೋದಲ್ಲಿ ದಾರಿಯುದ್ದಕ್ಕೂ ಮಗಳ ಜಡೆ ಹೆಣೆದಳು, ಬಿಚ್ಚಿದಳು, ಮತ್ತೆ ಹೆಣೆದಳು. ನಾವು ತಲುಪುವಾಗ ಪರೀಕ್ಷೆ ಅರ್ಧ ಮುಗಿದಿತ್ತು.

“ನೀವೇ ಅಲ್ವಾ, ಮಳೆಗೆ ರಜೆ ಕೊಡ್ತೀರಾ ಅಂತ ಕೇಳಿದ್ದು?” ಎಂದರು ಹೆಡ್‌ಮಿಸ್ಟ್ರೆಸ್.

ಭವ್ಯಾ ಮಗಳ ಜಡೆ ಮತ್ತೆ ಸರಿಮಾಡತೊಡಗಿದಳು.

“ನಾನೇ ಏಳಲಿಲ್ಲ ಮಿಸ್. ಅಮ್ಮ ಎಬ್ಬಿಸಿದ್ರು” ಎಂದಿತು ಮಗು.

ಆ ಸುಳ್ಳು ಕೇಳಿ ನನಗೇ ಕಣ್ಣು ತುಂಬಿತು. ಹೆಡ್‌ಮಿಸ್ಟ್ರೆಸ್ ತಾಯಿ ಮಗಳನ್ನು ಒಮ್ಮೆ ನೋಡಿ, ಉಳಿದ ಹೊತ್ತಿನಲ್ಲಿ ಆದಷ್ಟು ಬರಿ ಎಂದು ಹುಡುಗಿಯನ್ನು ಒಳಗೆ ಕಳಿಸಿದರು. ಭವ್ಯಾ ಜಗಲಿಯಲ್ಲಿ ಕೂರಲೂ ಇಲ್ಲ, ನಿಲ್ಲಲೂ ಇಲ್ಲ.

ಧನ್ಯಶ್ರೀ ಬರೆದಷ್ಟೂ ಸರಿಯಿತ್ತು. “ಸೋಮವಾರದಿಂದ ಕಳಿಸಿ, ಮಳೆ ಬಂದ್ರೂ” ಎಂದರು ಹೆಡ್‌ಮಿಸ್ಟ್ರೆಸ್.

ಗೇಟು ದಾಟುವಾಗ ಬಾಳೂರಿನಿಂದ ಅಂಜನಮ್ಮನ ಫೋನ್ ಬಂತು. ಅವರ ದನಿ ನನಗೂ ಕೇಳುತ್ತಿತ್ತು.

“ಅಲ್ಲೂ ಮಳೆ ಉಂಟಾ? ಮಗೂನ ಹೊರಗೆ ಕಳಿಸ್ಬೇಡ. ಬೆಚ್ಚಗೆ ಮಲಗ್ಲಿ.”

ಇವತ್ತು ಆ ಮುದುಕಿಗೆ ಗ್ರಹಚಾರ ಎಂದುಕೊಂಡೆ. ಭವ್ಯಾ ಮಗಳ ಒದ್ದೆ ತಲೆಯನ್ನು ವೇಲಿನಿಂದ ಒರೆಸಿದಳು.

“ಮಲಗಿಸಿದ್ದೆ ಅಮ್ಮ” ಎಂದಳು. “ನಾನೂ ಮಲಗಿಸಿದ್ದೆ.”